ನಾಚಿಕಿ ಬರ್ತದ, ಯಾತಕ್ಕ?
ಲ್ಯಾಟಿನ್‌ನಲ್ಲಿ ‘ಪುದೆತ್’ ಅಂತ ಒಂದು ಕ್ರಿಯಾಪದ ಅದ. ನಾಚಿಕೆಯಾದವನು ‘ಮೇ ಪುದೆತ್’ ಅಂತಾನೆ. ಅಲ್ಲಿ ‘ನಾನು’ ಕರ್ತೃವಲ್ಲ; ದ್ವಿತೀಯಾ ವಿಭಕ್ತಿಯ ‘ನನ್ನನ್ನು’. ಯಾವುದರ ನಾಚಿಕೆ ಎಂಬುದು ಷಷ್ಠಿಯಲ್ಲಿ ಬರುತ್ತದೆ.

ನಮ್ಮ ಬೈಲಹೊಂಗಲ, ಸವದತ್ತಿ ಕಡೆ ‘ನನಗ ನಾಚಿಕಿ ಬರ್ತದ’ ಅಂತೇವೆ. ನಮ್ಮದು ಚತುರ್ಥಿ. ಎರಡರಲ್ಲೂ ನಾಚಿಕೆ ನಾವು ಮಾಡೋದಲ್ಲ, ನಮಗೆ ಬಂದು ತಾಗೋದು.

1824ರಲ್ಲಿ ಕಿತ್ತೂರು ಬಿತ್ತು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಆ ಕಥೆ ಹೇಳುವಾಗ ಒಳಗಿನವರ ದ್ರೋಹದ ಮಾತು ಬಂದರೆ ‘ನಾಚಿಕಿ ಬರ್ತದ’ ಅಂದು ಸುಮ್ಮನಾಗ್ತೇವೆ. ಯಾರ, ಯಾವ ಕೆಲಸದ ನಾಚಿಕೆ ಅಂತ ಹೇಳೋದಿಲ್ಲ. ಲ್ಯಾಟಿನ್‌ನ ಆ ಷಷ್ಠಿಯನ್ನು ನಾವೂ ತುಂಬಬೇಕು ಅಂತೇನೆ ನಾನು. ಇತಿಹಾಸ ಶುರುವಾಗೋದೇ ಅಲ್ಲಿಂದ.