ನೃಪತುಂಗನ ಕಾಲದ ಒಂದು ಅಂಕಮಾಲೆ

ಕನ್ನಡದ ಪಾಠ ಹೇಳುವವನಿಗೆ ಗಣಿತದ ಗೊಡವೆಯೇಕೆಂದು ವಾಚಕರು ಕೇಳಬಹುದು. ನಾನಾಗಿ ಹೋದವನಲ್ಲ, ನನ್ನನ್ನು ಎಳೆದೊಯ್ದವನು ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಯಲ್ಲಿರುವ ನನ್ನ ತಂಗಿಯ ಮಗ. ಹತ್ತನೆಯ ತರಗತಿಯ ಹುಡುಗ. ಗಣಿತದಲ್ಲಿ ಎರಡು ಸಲ ಸೋತು, ಇನ್ನು ಪರೀಕ್ಷೆಗೇ ಕೂರುವುದಿಲ್ಲವೆಂದು ಹಟ ಹಿಡಿದಿದ್ದ. ರಜೆಯಲ್ಲಿ ನಾನು ಹೋದಾಗ, “ಲೆಕ್ಕವೆಲ್ಲ ಇಂಗ್ಲಿಷಿನವರದು ಮಾವಾ, ನಮ್ಮವರ ತಲೆಗೆ ಹತ್ತುವುದಲ್ಲ” ಎಂದುಬಿಟ್ಟ.

ಆ ಮಾತು ನನ್ನನ್ನೇ ಚುಚ್ಚಿತು. ಇಪ್ಪತ್ತು ವರ್ಷಗಳಿಂದ ‘ಕವಿರಾಜಮಾರ್ಗ’ವನ್ನು ಬೋಧಿಸುತ್ತ ಅಮೋಘವರ್ಷ ನೃಪತುಂಗನ ಹೆಸರನ್ನು ಎಷ್ಟು ಸಲ ಹೇಳಿದ್ದೇನೆಯೋ! ಅದೇ ಅರಸನ ಸ್ತುತಿಯುಳ್ಳ ಇನ್ನೊಂದು ಗ್ರಂಥವುಂಟು. ಜೈನ ವಿದ್ವಾಂಸ ಮಹಾವೀರಾಚಾರ್ಯನು ಸುಮಾರು ಕ್ರಿ. ಶ. 850ರಲ್ಲಿ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ ಅದು. ನೆರೆಯ ತೆಲುಗಿನವರು 11ನೆಯ ಶತಮಾನದಲ್ಲಿಯೇ, ಪಾವುಲೂರಿ ಮಲ್ಲನನ ಕೈಯಿಂದ, ಅದನ್ನು ತಮ್ಮ ನುಡಿಗೆ ತಂದುಕೊಂಡರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ನಾನೋ, ತರಗತಿಯಲ್ಲಿ ಒಂದು ದಿನವೂ ಅದರ ಹೆಸರೆತ್ತಿದವನಲ್ಲ. ಹುಡುಗನ ಅಜ್ಞಾನದಲ್ಲಿ ನನ್ನ ಪಾಲೂ ಇತ್ತು.

ಆ ಗ್ರಂಥದ ಗುಣಾಕಾರದ ಲೆಕ್ಕಗಳಲ್ಲಿ ಒಂದನ್ನು ಹುಡುಗನಿಗೆ ಕೊಟ್ಟೆ: 27994681ನ್ನು 441ರಿಂದ ಗುಣಿಸು. ಗೊಣಗುತ್ತ ಗುಣಿಸಿದ. ಬಂದದ್ದು 12345654321. ಒಂದರಿಂದ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಿಂದ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಮಹಾವೀರನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಹುಡುಗ ಎರಡನೆಯ ಸಲ ಗುಣಿಸಿ ನೋಡಿದ.

ಗುಟ್ಟು ಇಷ್ಟೇ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದಮೇಲೆ ನಮ್ಮ ಹಾರವು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ.

ಆದರೆ ಅದು ಏರಿಳಿಯುವುದೇಕೆ? ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯನ್ನು ಒಂದಿಷ್ಟು ಬಾಚಿ ತಂದು ಜಗಲಿಯ ಮೇಲೆ ಸಾಲಿಟ್ಟೆವು. ಸಾಲಿಗೆ ಆರು ಅಡಿಕೆ, ಒಟ್ಟು ಆರು ಸಾಲು. ಪ್ರತಿಯೊಂದು ಸಾಲೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ. ಕೈಯಿಂದ ಗುಣಿಸುವಾಗ ನಾವು ಬರೆಯುವುದೂ ಹೀಗೆಯೇ ಅಷ್ಟೆ. ಈಗ ಮೇಲಿನಿಂದ ಕೆಳಕ್ಕೆ ಎಣಿಸಿದರೆ ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಇಟ್ಟ ಅಡಿಕೆ ಮೂವತ್ತಾರು. ಸಂಖ್ಯೆಯ ಅಂಕಗಳನ್ನು ಕೂಡಿದರೂ ಮೂವತ್ತಾರು.

ನೃಪತುಂಗನ ಸಾಮಂತ ಬಂಕೇಯನು ಆಳಿದ ಬನವಾಸಿ ಉಮ್ಮಚಗಿಗೆ ದೂರವೇನಲ್ಲ. ಆ ನಾಡಿಗೆ ‘ಪನ್ನಿರ್ಚ್ಛಾಸಿರ’, ಅಂದರೆ ಹನ್ನೆರಡು ಸಾವಿರ, ಎಂಬ ಸಂಖ್ಯೆಯೇ ಹೆಸರಿನ ಭಾಗವಾಗಿತ್ತು. ಲೆಕ್ಕವು ಪರರದೆಂದು ನಂಬಿದವನು ಕುಳಿತದ್ದು ಇಂಥ ಸೀಮೆಯ ಜಗಲಿಯಲ್ಲಿ. ಇದನ್ನು ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ: “ಮಾವಾ, ಹತ್ತು ಹತ್ತು ಅಡಿಕೆಯ ಹತ್ತು ಸಾಲು ಇಟ್ಟರೆ?”

ಒಂಬತ್ತರವರೆಗೆ ಹಾರ ಹರಿಯುವುದಿಲ್ಲ: 12345678987654321. ಹತ್ತಾದೊಡನೆ ನಡುವಿನ ಸಾಲಿನಲ್ಲಿ ದಶಕವೊಂದು ಪಕ್ಕದ ಮನೆಗೆ ದಾಟಿ 1234567900987654321 ಆಗುತ್ತದೆ. ಹಿಂದುಮುಂದಿನ ಸಮತೆ ಕೆಡುತ್ತದೆ. ಇದನ್ನು ನಾನು ಹೇಳಿಕೊಡಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೆ ಅಡಿಕೆ ಸರಿಸುತ್ತ ಕುಳಿತು, ಅವನೇ ಕಂಡುಕೊಂಡ.