ಹೊಲಿದು ಅಂಟಿಸಿದ ದೋಣಿ

ಚಿಕ್ಕದೊಂದು ಮರದ ದೋಣಿಯನ್ನು ಮನೆಯಂಗಳದಲ್ಲೇ ತಯಾರಿಸಬಹುದೇ? ಇಂದು ಈ ಪ್ರಶ್ನೆಗೆ ಉತ್ತರ ‘ಹೌದು’. ಆದರೆ ಈ ಉತ್ತರ ದೊರೆಯಲು ಸಾವಿರಾರು ವರ್ಷಗಳು ಬೇಕಾದವು.

1955ರಲ್ಲಿ ನೆದರ್‌ಲೆಂಡ್ಸ್‌ನ ಪೆಸ್ಸೆ ಎಂಬ ಊರಿನ ಬಳಿ ಹೆದ್ದಾರಿಗಾಗಿ ನೆಲ ಅಗೆಯುವಾಗ ದೋಣಿಯೊಂದು ಸಿಕ್ಕಿತು. ಅದರ ಉದ್ದ ಸುಮಾರು 3 ಮೀಟರ್, ಅಗಲ 44 ಸೆಂಟಿಮೀಟರ್. ಪೈನ್ ಮರದ ಒಂದೇ ದಿಮ್ಮಿಯನ್ನು ಕೊರೆದು ಅದನ್ನು ಮಾಡಿದ್ದರು. ವಿಕಿರಣ ಇಂಗಾಲದ ಕಾಲನಿರ್ಣಯದ ಪ್ರಕಾರ ಅದು ಸುಮಾರು 10,000 ವರ್ಷ ಹಳೆಯದು. ನಮ್ಮ ಕರಾವಳಿಯ ಪಾತಿ ದೋಣಿಯೂ ಇದೇ ಬಗೆಯದು. ಇಲ್ಲಿ ಜೋಡಣೆಯೇ ಇಲ್ಲದ್ದರಿಂದ ಸೋರುವ ಭಯ ಕಡಿಮೆ. ಆದರೆ ದೊಡ್ಡ ಮರ ಬೇಕು, ದೋಣಿಯೂ ಭಾರ.

ಹಲಗೆಗಳನ್ನು ಜೋಡಿಸಿದರೆ ಭಾರ ಕಡಿಮೆಯಾಗುತ್ತದೆ. 1865ರಲ್ಲಿ ಸ್ಕಾಟ್ಲೆಂಡಿನ ಜಾನ್ ಮೆಕ್‌ಗ್ರೆಗರ್ ‘ರಾಬ್ ರಾಯ್’ ಎಂಬ ಕ್ಯಾನೂವಿನಲ್ಲಿ ಯೂರೋಪಿನ ನದಿಗಳಲ್ಲಿ ಸಂಚರಿಸಿದ. 15 ಅಡಿ ಉದ್ದದ ಆ ಓಕ್ ದೋಣಿಯ ತೂಕ ಸುಮಾರು 36 ಕಿಲೋಗ್ರಾಂ. ಮರುವರ್ಷ ಅವನು ಬರೆದ ಪುಸ್ತಕದಿಂದ ಕ್ಯಾನೂ ವಿಹಾರ ಜನಪ್ರಿಯವಾಯಿತು. ಆದರೆ ಹಲಗೆಯನ್ನು ಬಾಗಿಸಿ, ಸಂದುಗಳಲ್ಲಿ ನೀರು ನುಗ್ಗದಂತೆ ಕೂಡಿಸುವುದು ನುರಿತ ಕುಶಲಕರ್ಮಿಗಳಿಗೆ ಮಾತ್ರ ಸಾಧ್ಯವಿತ್ತು. ಸಂದು ಬಿಟ್ಟರೆ ಪ್ರಾಣಕ್ಕೇ ಅಪಾಯ.

ಅಂಟು ತಂದ ಬದಲಾವಣೆ

ಮರವು ನೀರು ಹೀರಿದಾಗ ಎಳೆಗಳ ಉದ್ದಕ್ಕೆ ಅತ್ಯಲ್ಪವಾಗಿಯೂ ಅಡ್ಡಕ್ಕೆ ಹೆಚ್ಚಾಗಿಯೂ ಹಿಗ್ಗುತ್ತದೆ. ತೆಳು ಪದರಗಳನ್ನು, ಒಂದರ ಎಳೆ ಇನ್ನೊಂದಕ್ಕೆ ಲಂಬವಾಗಿರುವಂತೆ ಅಂಟಿಸಿದರೆ ಒಂದು ಪದರದ ಹಿಗ್ಗುವಿಕೆಯನ್ನು ಪಕ್ಕದ ಪದರ ತಡೆಯುತ್ತದೆ. ಇದೇ ಪ್ಲೈವುಡ್. ಆದರೆ ಹಾಲಿನ ಕೇಸೀನ್ ಮೊದಲಾದ ಹಳೆಯ ಅಂಟುಗಳು ತೇವದಲ್ಲಿ ದುರ್ಬಲವಾಗುತ್ತಿದ್ದವು. 1930ರ ದಶಕದಲ್ಲಿ ಫೀನಾಲ್-ಫಾರ್ಮಾಲ್ಡಿಹೈಡ್ ರಾಳದಿಂದ ಅಂಟಿಸಿದ, ನೀರಿಗೆ ಜಗ್ಗದ ಪ್ಲೈವುಡ್ ಬಂದಿತು. ಕಾದಾಗ ಈ ರಾಳದ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆಮೇಲೆ ನೀರಾಗಲಿ ಶಾಖವಾಗಲಿ ಅವನ್ನು ಸುಲಭವಾಗಿ ಬಿಡಿಸಲಾರವು.

ಉಳಿದದ್ದು ಹಾಳೆಗಳ ಜೋಡಣೆಯ ಸಮಸ್ಯೆ. ಇಂಗ್ಲೆಂಡಿನ ಕೆನ್ ಲಿಟಲ್‌ಡೈಕ್ ಕ್ಯಾನೂಗಳಿಗಾಗಿ ಒಂದು ಸರಳ ವಿಧಾನವನ್ನು ರೂಪಿಸಿದರು. ಪ್ಲೈವುಡ್‌ನ ತುಂಡುಗಳನ್ನು ನಕ್ಷೆಯಂತೆ ಕತ್ತರಿಸಿ, ಅಂಚುಗಳಲ್ಲಿ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಬಟ್ಟೆಯಂತೆ ಹೊಲಿಯುವುದು. ನಂತರ ಸಂದಿನ ಮೇಲೆ ಗಾಜಿನೆಳೆಯ ಪಟ್ಟಿ ಇಟ್ಟು ರಾಳ ಬಳಿಯುವುದು. ರಾಳ ಗಟ್ಟಿಯಾದ ಮೇಲೆ ಭಾರ ಹೊರುವುದು ತಂತಿಯಲ್ಲ, ಸಂದು.

ಬಿಬಿಸಿ ದೂರದರ್ಶನದಲ್ಲಿ ಮನೆಗೆಲಸಗಳನ್ನು ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಇದೇ ವಿಧಾನದಿಂದ ‘ಮಿರರ್’ ಎಂಬ ಹಾಯಿದೋಣಿಯನ್ನು ರೂಪಿಸಿದರು. ‘ಡೈಲಿ ಮಿರರ್’ ಪತ್ರಿಕೆಯ ಬೆಂಬಲದಿಂದ ಅದು 1963ರಲ್ಲಿ ಬಿಡಿಭಾಗಗಳ ಕಟ್ಟಾಗಿ ಮಾರಾಟಕ್ಕೆ ಬಂದಿತು. ಅಂದಿನ ಬೆಲೆ 63 ಪೌಂಡ್ 11 ಷಿಲಿಂಗ್. ಈವರೆಗೆ ಸುಮಾರು 70,000 ಮಿರರ್ ದೋಣಿಗಳು ತಯಾರಾಗಿವೆ. ಹಣವಂತರ ವಿನೋದವಾಗಿದ್ದ ಹಾಯಿಯಾನ ಸಾಮಾನ್ಯ ಕುಟುಂಬಗಳ ಕೈಗೂ ಎಟುಕಿತು.

ತರಗತಿಯಲ್ಲಿ ಮಾಡಿ ನೋಡಿ

ಕಾಗದವನ್ನು ಕೊಳವೆಯಾಗಿಯೋ ಶಂಕುವಾಗಿಯೋ ಸುತ್ತಬಹುದು. ಚೆಂಡಿನ ಮೇಲೆ ಸುಕ್ಕಿಲ್ಲದೆ ಹೊದಿಸಲಾಗದು. ಪ್ಲೈವುಡ್ ಹಾಳೆಗೂ ಇದೇ ನಿಯಮ. ಆದ್ದರಿಂದ ತುಂಡುಗಳ ಅಂಚಿನ ವಕ್ರತೆಯೇ ದೋಣಿಯ ಆಕಾರವನ್ನು ನಿರ್ಧರಿಸುತ್ತದೆ. ರಟ್ಟಿನ ತುಂಡುಗಳನ್ನು ದಾರದಿಂದ ಹೊಲಿದು ಇದನ್ನು ಪರೀಕ್ಷಿಸಬಹುದು.

ದೋಣಿ 25 ಕಿಲೋಗ್ರಾಂ, ಕುಳಿತವರು 65 ಕಿಲೋಗ್ರಾಂ ಎನ್ನಿ. ತೇಲಲು 90 ಲೀಟರ್ ನೀರನ್ನು ಪಲ್ಲಟಗೊಳಿಸಬೇಕು. ತಳ 3 ಮೀಟರ್ ಉದ್ದ, 0.6 ಮೀಟರ್ ಅಗಲದ ಆಯತವಾದರೆ ಅದು ಕೇವಲ 5 ಸೆಂಟಿಮೀಟರ್ ಮುಳುಗುತ್ತದೆ. ನಿಜವಾದ ದೋಣಿಯ ತುದಿಗಳು ಚೂಪಾಗಿರುವುದರಿಂದ ತುಸು ಹೆಚ್ಚು ಮುಳುಗೀತು.

ಭಾರತದಲ್ಲಿ ದೋಣಿಗೆ ಒಗ್ಗುವ ಮರೀನ್ ಪ್ಲೈವುಡ್‌ಗೆ ಐಎಸ್ 710 ಎಂಬ ಮಾನಕವಿದೆ. ಇದರ ಪರೀಕ್ಷೆಯಲ್ಲಿ ಮಾದರಿಗಳನ್ನು 72 ಗಂಟೆ ಕುದಿಸಿ ಅಂಟಿನ ಬಲವನ್ನು ನೋಡುತ್ತಾರೆ. ಅಗ್ಗದ ಒಳಾಂಗಣ ಪ್ಲೈವುಡ್ ನೋಡಲು ಹಾಗೆಯೇ ಇದ್ದರೂ ನೀರಿನಲ್ಲಿ ಪದರ ಬಿಡುತ್ತದೆ. ದಡದಲ್ಲಿ ಕಾಣದ ಈ ವ್ಯತ್ಯಾಸ ನಡುನೀರಿನಲ್ಲಿ ಜೀವದ ಪ್ರಶ್ನೆಯಾಗುತ್ತದೆ.