ಭಂಡಾರಿಯ ಬೆನ್ನು ಬಿಡದ ಹಕ್ಕಿ

ಹಡಗಿನ ಅಡುಗೆಯವನಿಗೆ ಭಂಡಾರಿ ಎನ್ನುತ್ತಾರೆ. ಆ ಕೆಲಸದಲ್ಲೇ ತಲೆ ನರೆಸಿಕೊಂಡ ನನಗೆ ವಿಲ್ಸನ್ ಪೆಟ್ರೆಲ್ ಹಕ್ಕಿಯ ಚರಿತ್ರೆಯೂ ಅಡುಗೆಮನೆಯ ಕಡೆಯಿಂದಲೇ ಕಾಣುತ್ತದೆ. ಗುಬ್ಬಿಗಿಂತ ತುಸು ದೊಡ್ಡದು, ತೂಕ 40 ಗ್ರಾಂ ಆಸುಪಾಸು, ಮೈಯೆಲ್ಲ ಮಸಿ, ಬಾಲದ ಬುಡದಲ್ಲಿ ಮಾತ್ರ ಬಿಳಿ. ಪಾತ್ರೆ ತೊಳೆದ ಜಿಡ್ಡುನೀರು ಕಡಲಿಗೆ ಬಿತ್ತೋ, ಎಲ್ಲಿಂದಲೋ ಹಾಜರು. ರೆಕ್ಕೆ ಹರಡಿ, ಉದ್ದನೆಯ ಕಾಲು ಇಳಿಬಿಟ್ಟು, ನೀರಿನ ಮೇಲೆ ತಪತಪ ಹೆಜ್ಜೆ ಹಾಕುತ್ತ ಕೊಕ್ಕಿನಲ್ಲಿ ಹೆಕ್ಕುತ್ತದೆ. ಬೆರಳುಗಳ ನಡುವಿನ ಪೊರೆ ಅರಿಸಿನ ಬಣ್ಣ.

ಹಾಯಿಹಡಗಿನ ಕಾಲದ ಇಂಗ್ಲಿಷ್ ನಾವಿಕರು ಈ ಬಳಗದ ಹಕ್ಕಿಗಳನ್ನು ‘ಮದರ್ ಕ್ಯಾರಿಯ ಕೋಳಿಮರಿಗಳು’ ಎನ್ನುತ್ತಿದ್ದರು. ಬಿರುಗಾಳಿ ತರುತ್ತವೆ, ಕಡಲಲ್ಲಿ ಸತ್ತವರ ಆತ್ಮಗಳು, ಕೊಂದರೆ ಕೇಡು ತಪ್ಪದು ಎಂಬ ನಂಬಿಕೆ. ಗಾಳಿ ಜೋರಾದಾಗ ಹಕ್ಕಿ ಹಡಗಿನ ಮರೆಗೆ ಬರುತ್ತಿತ್ತು. ಗಾಳಿಯನ್ನು ಅದೇ ಕರೆತಂದಿತೆಂದು ಇವರು ಹೆದರಿದರು. ನಮ್ಮವರೇನು ಕಡಿಮೆಯೇ, ಕಾಗೆ ಕೂಗಿದರೆ ನೆಂಟರು ಬರುತ್ತಾರೆ!

ಆ ಹೆದರಿಕೆಗೆ ಸೊಪ್ಪು ಹಾಕದವನು ಅಲೆಕ್ಸಾಂಡರ್ ವಿಲ್ಸನ್. ಸ್ಕಾಟ್ಲೆಂಡಿನ ಪೇಸ್ಲಿಯ ನೇಕಾರ. ಗಿರಣಿ ಮಾಲೀಕನನ್ನು ಅಣಕಿಸಿ ಪದ್ಯ ಬರೆದು ಜೈಲು ಕಂಡವನು. 1794ರಲ್ಲಿ ಅಮೆರಿಕಕ್ಕೆ ಹೋಗಿ ಹಕ್ಕಿಗಳ ಬೆನ್ನು ಹತ್ತಿದ. 1810ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ನ್ಯೂಯಾರ್ಕಿಗೆ ಹಡಗಿನಲ್ಲಿ ಹೊರಟಾಗ ಕೆಲವು ಪೆಟ್ರೆಲ್‌ಗಳನ್ನು ಹೊಡೆದೇಬಿಟ್ಟ. ಉಳಿದ ಹಕ್ಕಿಗಳು ಸೇಡು ತೀರಿಸಿಕೊಳ್ಳುತ್ತವೆಂದು ನಾವಿಕರು ನಡುಗಿದರು. ಸೇಡೂ ಇಲ್ಲ, ಏನೂ ಇಲ್ಲ. ಆದರೆ ತಾನು ಹೊಡೆದದ್ದು ಯುರೋಪಿನ ಪೆಟ್ರೆಲ್ಲೇ ಎಂದು ನಂಬಿಕೊಂಡೇ 1813ರಲ್ಲಿ ಆತ ತೀರಿಕೊಂಡ. ಬೇರೆ ಜಾತಿಯೆಂದು 1820ರಲ್ಲಿ ವರ್ಣಿಸಿದವನು ಜರ್ಮನಿಯ ಹೈನ್ರಿಚ್ ಕುಲ್. ವಿಲ್ಸನ್ನನ ಹೆಸರಿಟ್ಟವನು ನೆಪೋಲಿಯನ್ನನ ತಮ್ಮನ ಮಗ ಚಾರ್ಲ್ಸ್ ಬೋನಪಾರ್ಟ್.

ಅಟ್ಲಾಂಟಿಕ್‌ನ ಉತ್ತರದಲ್ಲಿ ಬೇಸಗೆ ಕಳೆಯುವ ಈ ಹಕ್ಕಿಯ ಬಾಣಂತಿಮನೆ ಇರುವುದು ಭೂಮಿಯ ತೆಂಕಣ ತುದಿಯಲ್ಲಿ. 1874ರ ಶುಕ್ರ ಸಂಕ್ರಮಣ, ಅಂದರೆ ಸೂರ್ಯನ ಮುಂದೆ ಶುಕ್ರಗ್ರಹ ಹಾದುಹೋಗುವುದನ್ನು ನೋಡಲು ತೆಂಕಣದ ಕೆರ್ಗ್ಯುಲೆನ್ ದ್ವೀಪಕ್ಕೆ ಹೋದ ಬ್ರಿಟಿಷರ ತಂಡದಲ್ಲಿ ಪಾದ್ರಿ ಈಟನ್ ಎಂಬವನಿದ್ದ. ಅಲ್ಲಿನ ಬಂಡೆಸಂದಿಯ ಗೂಡುಗಳನ್ನು ಕಂಡುಹಿಡಿದ. ಪೂರ್ತಿ ಸಂಸಾರ ಬಯಲಾದದ್ದು 1934–37ರಲ್ಲಿ ಬ್ರಿಟಿಷರು ಅಂಟಾರ್ಕ್ಟಿಕಾಕ್ಕೆ ಕೈಗೊಂಡ ಗ್ರಹಾಂ ಲ್ಯಾಂಡ್ ಯಾತ್ರೆಯಲ್ಲಿ. ಅಲ್ಲಿನ ಹಿಮದಲ್ಲಿ ಕೂತು ಆ ತಂಡದ ಪಕ್ಷಿತಜ್ಞ ಬ್ರಯನ್ ರಾಬರ್ಟ್ಸ್ ಬರೆದುಕೊಂಡದ್ದು ಓದಿದರೆ ಹೊಟ್ಟೆ ಚುರ್ ಎನ್ನುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ಹಿಮ ಬಿದ್ದು ಬಿಲದ ಬಾಯಿ ಮುಚ್ಚಿದರೆ ಗುಟುಕು ತಂದ ತಾಯಿತಂದೆ ಹೊರಗೆ, ಮರಿ ಒಳಗೆ. ಮೈಕೊಬ್ಬು ಕರಗುವವರೆಗೆ ಮರಿ ತಾಳುತ್ತದೆ. ದಾರಿ ತೆರೆಯದಿದ್ದರೆ ಅಲ್ಲೇ ಸಾಯುತ್ತದೆ. ಇಷ್ಟಾದರೂ ಜಗತ್ತಿನಲ್ಲಿ ಇವುಗಳ ಲಕ್ಷಾಂತರ ಜೋಡಿಗಳಿವೆ. ಕೊಲ್ಲುತ್ತಿದ್ದದ್ದು ಹಿಮ, ಅಪಶಕುನದ ಹೆಸರು ಹೊತ್ತದ್ದು ಹಕ್ಕಿ.

ತೆಂಕಣದ ಚಳಿಗಾಲಕ್ಕೆ ಬೆನ್ನು ತಿರುಗಿಸಿ ಇವು ನಮ್ಮ ಅರಬ್ಬೀ ಸಮುದ್ರಕ್ಕೂ ಬರುತ್ತವೆ. ಮಲ್ಪೆ, ಮಂಗಳೂರಿನಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವರೇ, ಬಲೆ ಎಳೆಯುವಾಗ ಒಮ್ಮೆ ಹಿಂದಕ್ಕೂ ಕಣ್ಣು ಹಾಯಿಸಿ. ಕಂಡರೆ ಫೋಟೊ ತೆಗೆದು, ದಿನಾಂಕ ಬರೆದು, ಪಕ್ಷಿವೀಕ್ಷಕರಿಗೆ ಕಳಿಸಿ.